ತತ್ತಿ ಒಡೆದ ಮೇಲಿನ ನಾಲ್ಕು ವಾರ

ಹತ್ತಿಮತ್ತೂರಿನಂಥ ಸವಣೂರು ಸೀಮೆಯ ಊರಲ್ಲಿ ಹತ್ತಿಪ್ಪತ್ತು ಜವಾರಿ ಮರಿ ಬೇಕೆಂದು ಕಾವಿನ ಮಷೀನು ಕೊಳ್ಳುವ ಮನೆಯವರು ದುಡ್ಡನ್ನು ತಪ್ಪು ಜಾಗಕ್ಕೆ ಹಾಕುತ್ತಿದ್ದಾರೆ ಎಂದೇ ನನಗನಿಸುತ್ತದೆ. ತತ್ತಿಯೊಳಗಿನ 21 ದಿನಗಳನ್ನು ಹೇಂಟೆ ತಾನೇ ನಿಭಾಯಿಸುತ್ತದೆ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿದಾಗ ಅದು ತತ್ತಿ ಇಡುವುದನ್ನು ನಿಲ್ಲಿಸಿ ಕಾವಿಗೆ ಕೂರುತ್ತದೆ. ಹೊಟ್ಟೆಯ ಕೆಳಗಿನ ಗರಿ ಉದುರಿ ಬಿಸಿ ಚರ್ಮವೇ ತತ್ತಿಗೆ ತಾಗುತ್ತದೆ. ಭ್ರೂಣಕ್ಕೆ ಬೇಕಾದದ್ದು ಸುಮಾರು 37.5 ಡಿಗ್ರಿ ಸೆಲ್ಸಿಯಸ್. ಭ್ರೂಣ ಒಳಪೊರೆಗೆ ಅಂಟಿಕೊಳ್ಳದಂತೆ ಹೇಂಟೆ ದಿನಕ್ಕೆ ಹಲವು ಬಾರಿ ತತ್ತಿಗಳನ್ನು ಹೊರಳಿಸುತ್ತದೆ. ಚಿಪ್ಪಿನಲ್ಲಿರುವ ಸಾವಿರಾರು ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗಿ, ಮರಿ ಬಲಿಯುವಷ್ಟರಲ್ಲಿ ತತ್ತಿ ತನ್ನ ತೂಕದ ಶೇಕಡಾ 12ರಷ್ಟನ್ನು ಕಳೆದುಕೊಳ್ಳುತ್ತದೆ. ಹಾಗೆ ತೆರವಾದ ಜಾಗವೇ ದಪ್ಪ ತುದಿಯ ಗಾಳಿಗೂಡು. ಚಿಪ್ಪು ಒಡೆಯುವ ಮುನ್ನ ಮರಿ ಕೊಕ್ಕಿನಿಂದ ಪೊರೆ ಸೀಳಿ ಮೊದಲ ಉಸಿರೆಳೆಯುವುದು ಅಲ್ಲೇ. ಮಷೀನಿನಲ್ಲಿ ತೇವ ಹೆಚ್ಚಾದರೆ ಈ ಗೂಡು ಕಿರಿದಾಗುತ್ತದೆ, ಕಡಿಮೆಯಾದರೆ ಮರಿ ಪೊರೆಗೆ ಅಂಟುತ್ತದೆ. ತಾಸುಗಟ್ಟಲೆ ಕರೆಂಟು ಹೋದರಂತೂ ಇಡೀ ಕಂತಿಗೇ ಅಪಾಯ.

ಮನುಷ್ಯರ ನೆರವು ಮೊದಲಿಗೆ ಬೇಕಾಗುವುದು ಕಾವಿಗೆ ಮುಂಚೆ. ಸುಮಾರು 24 ಡಿಗ್ರಿ ದಾಟಿದರೆ ಕಾವಿಗೆ ಇಡದ ತತ್ತಿಯಲ್ಲೂ ಭ್ರೂಣ ಅರೆಬರೆಯಾಗಿ ಬೆಳೆಯತೊಡಗಿ, ಆಮೇಲೆ ಸಾಯುತ್ತದೆ. ಹಾವೇರಿ ಜಿಲ್ಲೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಅಡುಗೆಮನೆಯ ಮಾಡದಲ್ಲಿಟ್ಟ ತತ್ತಿ ಹಾಳಾಗಲು ಇದೇ ಕಾರಣ. ಹಸಿ ಮರಳಿನಲ್ಲಿ ಹೂತ ಮಣ್ಣಿನ ಗಡಿಗೆಯಲ್ಲಿಟ್ಟು, ವಾರದೊಳಗೆ ಹತ್ತು-ಹನ್ನೆರಡನ್ನು ಹೇಂಟೆಯಡಿ ಇಡಬೇಕು. ಏಳನೆಯ ದಿನ ಕತ್ತಲಲ್ಲಿ ಟಾರ್ಚು ಹಿಡಿದರೆ ಜೀವವಿರುವ ತತ್ತಿಯಲ್ಲಿ ಜೇಡರಬಲೆಯಂತೆ ರಕ್ತನಾಳ ಕಾಣುತ್ತದೆ. ತಿಳಿಯಾಗಿ ಉಳಿದದ್ದನ್ನು ತೆಗೆದುಬಿಡಬಹುದು.

ಮರಿ ಸಾಕುವ ಹೇಂಟೆ ತಿಂಗಳುಗಟ್ಟಲೆ ತತ್ತಿ ಇಡುವುದಿಲ್ಲ, ಅದು ನಷ್ಟವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಆ ಸಮಯ ಹೆಚ್ಚು ಹೋಗುವುದು ಮರಿಗಳ ಹಿಂದೆ ತಿರುಗುವುದರಲ್ಲೇ ಹೊರತು ಕಾವಿನಲ್ಲಲ್ಲ. ಮರಿಗಳನ್ನು ಬೇಗ ಬೇರ್ಪಡಿಸಿ ಬಲ್ಬಿನಡಿ ಸಾಕಿದರೆ ಹೇಂಟೆ ಬೇಗ ತತ್ತಿಗೆ ಮರಳುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜದಂಥ ಸುಧಾರಿತ ತಳಿಗಳ ಮಾತು ಬೇರೆ. ಅಂಥ ಹೇಂಟೆಗಳು ಕಾವಿಗೆ ಕೂರುವುದು ವಿರಳ. ಅಲ್ಲಿ ಮಷೀನು ಬೇಕು, ಇಲ್ಲವೇ ಜವಾರಿ ಹೇಂಟೆಯ ಮಡಿಲು ಬೇಕು.

ಇನ್ನು ದುಡ್ಡು ಹೋಗಬೇಕಾದ ಜಾಗ. ಹುಟ್ಟುವ ಮುನ್ನ ಮರಿ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಅದರ ಬಲದ ಮೇಲೆ ಎರಡು ದಿನ ಮೇವಿಲ್ಲದೆಯೂ ಬದುಕುತ್ತದೆ. ಮೈ ಬಿಸಿಯನ್ನು ಮಾತ್ರ ತಾನೇ ಕಾಯ್ದುಕೊಳ್ಳಲಾರದು. ಬಲ್ಬಿನಡಿ ಸಾಕುವ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ, ಮುಂದೆ ವಾರಕ್ಕೆ ಮೂರು ಡಿಗ್ರಿ ಕಡಿಮೆ. ಥರ್ಮಾಮೀಟರಿಗಿಂತ ಮರಿಗಳೇ ಇದನ್ನು ಚೆನ್ನಾಗಿ ಹೇಳುತ್ತವೆ: ಚಳಿಯಾದರೆ ಬಲ್ಬಿನಡಿ ಗುಂಪುಗೂಡುತ್ತವೆ, ಸೆಕೆಯಾದರೆ ದೂರ ಸರಿದು ಬಾಯ್ತೆರೆಯುತ್ತವೆ. ಹದ್ದು, ಬೆಕ್ಕು, ಮುಂಗುಸಿಗೆ ಜಾಳಿಗೆ ಸಾಕು. ರಾಣಿಖೇತ್ ರೋಗಕ್ಕೆ ಜಾಳಿಗೆಯಿಲ್ಲ, ಲಸಿಕೆಯೇ ಬೇಕು. 1920ರ ದಶಕದ ಕೊನೆಯಲ್ಲಿ ಕುಮಾವೂಂ ಬೆಟ್ಟದ ಊರಲ್ಲಿ ಗುರುತಾದ್ದರಿಂದ ನಮ್ಮ ದೇಶದಲ್ಲಿ ಆ ಹೆಸರು ಪಡೆದ ಈ ವೈರಾಣು ಒಮ್ಮೆ ಹೊಕ್ಕರೆ ಓಣಿಯ ಕೋಳಿಗಳನ್ನೇ ಬರಿದು ಮಾಡಬಲ್ಲದು. ಹಿಂದಿನವರು ಲಸಿಕೆಯಿಲ್ಲದೆಯೇ ಸಾಕಿದ್ದರಲ್ಲ ಎನ್ನುವವರು, ಅವರು ಕಳೆದುಕೊಂಡದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಾಯಿ ಹಳದಿಯ ಮೂಲಕ ಕೊಡುವ ರಕ್ಷಣೆ ಕೆಲವೇ ವಾರಗಳಲ್ಲಿ ಸವೆದುಹೋಗುತ್ತದೆ. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟಾ ಲಸಿಕೆ, ನಾಲ್ಕನೆಯ ವಾರದ ಹೊತ್ತಿಗೆ ಮತ್ತೊಮ್ಮೆ.

ತೊಡಕಿರುವುದು ಲಸಿಕೆಯ ಬಾಟಲಿಯಲ್ಲಿ. ಅದರಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಮರಿಗಳ ಪ್ರಮಾಣವಿರುತ್ತದೆ, ಕಲಸಿದ ಮೇಲೆ ಮಂಜುಗಡ್ಡೆಯ ಮೇಲಿಟ್ಟು ಒಂದೆರಡು ತಾಸಿನಲ್ಲಿ ಮುಗಿಸಬೇಕು. ಹತ್ತು ಮರಿಯ ಮನೆಗೆ ಅದು ದಂಡ. ಎಂಟು-ಹತ್ತು ಮನೆ ಸೇರಿದರೆ ತಲೆಗೆ ಬೀಳುವ ಖರ್ಚು ಅಲ್ಪ. ಅದಕ್ಕಾಗಿ ಓಣಿಯ ಹೇಂಟೆಗಳನ್ನು ಒಂದೇ ವಾರದಲ್ಲಿ ಕಾವಿಗೆ ಕೂರಿಸಬೇಕು. ಮೊದಲೇ ಕಾವಿಗೆ ಬಂದ ಹೇಂಟೆಯನ್ನು ಮರಿಯಾಗದ ಒಂದೆರಡು ತತ್ತಿಗಳ ಮೇಲೆ ಕೆಲವು ದಿನ ಕೂರಿಸಿಟ್ಟು, ಪಕ್ಕದ ಮನೆಯದು ಸಿದ್ಧವಾದಾಗ ಒಳ್ಳೆಯ ತತ್ತಿಗಳನ್ನು ರಾತ್ರಿ ಹೊತ್ತು ಬದಲಿಸಿದರಾಯಿತು.