ಬೆಟ್ಟದ ಬಿಸಿಯೂ ರಣಹದ್ದಿನ ಹಾರಾಟವೂ

ಬೆಂಗಳೂರಿನಿಂದ ಕನಕಪುರದ ದಾರಿ ಹಿಡಿದು ದಕ್ಷಿಣಕ್ಕೆ ಸಾಗುವವರಿಗೆ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ ಎದುರಾಗುತ್ತದೆ. ಕಾರ್ಖಾನೆಗಳ ಸಾಲು, ತಗಡಿನ ಮಾಡುಗಳು, ಸರಕು ಹೊತ್ತ ಲಾರಿಗಳು ಇವುಗಳ ನಡುವೆ ನಿಂತವನಿಗೆ ತಾನು ಒಂದು ಅಪೂರ್ವವಾದ ನಿಸರ್ಗ ಪ್ರದೇಶದ ಹೊಸ್ತಿಲಲ್ಲಿ ಇದ್ದೇನೆಂಬ ಅರಿವು ಸುಲಭವಾಗಿ ಉಂಟಾಗದು. ಆದರೆ ಇಲ್ಲಿಂದ ಪೂರ್ವಕ್ಕೆ, 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಬನ್ನೇರುಘಟ್ಟದ ಆನೆಗಾಡು ಇದೆ. ದಕ್ಷಿಣಕ್ಕೆ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮವೂ ಅದರ ಕೆಳಗೆ ಮೇಕೆದಾಟಿನ ಕಂದರವೂ ಇವೆ. ಪಶ್ಚಿಮಕ್ಕೆ, ಹಕ್ಕಿ ಹಾರುವ ನೇರದಲ್ಲಿ ಅಳೆದರೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ರಾಮನಗರದ ರಾಮದೇವರ ಬೆಟ್ಟವಿದೆ. ನಮ್ಮ ಇಂದಿನ ವಿಚಾರ ಆ ಬೆಟ್ಟವನ್ನೂ ಅಲ್ಲಿ ವಾಸಿಸುವ ಒಂದು ಪಕ್ಷಿಯನ್ನೂ ಕುರಿತದ್ದು.

ಈ ಬೆಟ್ಟಗಳ ಶಿಲೆಯನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆಯೆಂಬುದು ರಾಮನಗರದ ಹಿಂದಿನ ಹೆಸರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬಾತನಿಂದ ಬಂದುದು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಶಿಲಾದ್ರವವು ಬಹು ನಿಧಾನವಾಗಿ ತಣಿದು ಗಟ್ಟಿಯಾಯಿತು. ತಣಿಯಲು ಹೆಚ್ಚು ಕಾಲ ಹಿಡಿದುದರಿಂದಲೇ ಇದರಲ್ಲಿ ದೊಡ್ಡ ದೊಡ್ಡ ಹರಳುಗಳು ಕಾಣುತ್ತವೆ. ಮೇಲಿನ ಪದರಗಳು ಸವೆದು ಭಾರ ಇಳಿದಂತೆಲ್ಲ ಬಂಡೆಯು ಸ್ವಲ್ಪ ಸ್ವಲ್ಪವಾಗಿ ಹಿಗ್ಗಿತು. ಹೊರಮೈಗೆ ಸಮಾನಾಂತರವಾಗಿ ಬಿರುಕುಗಳು ಬಿದ್ದು, ಈರುಳ್ಳಿಯ ಸಿಪ್ಪೆಯಂತೆ ಚಕ್ಕೆಗಳು ಕಳಚಿಕೊಂಡವು. ಬೋಳುಬಂಡೆಯ ಗುಮ್ಮಟಗಳು, ಕಡಿದಾದ ಗೋಡೆಗಳು, ಆ ಗೋಡೆಗಳಲ್ಲಿ ಚಾಚಿಕೊಂಡ ಸಣ್ಣ ಜಗಲಿಗಳು ಹುಟ್ಟಿದುದು ಹೀಗೆ. ಆ ಜಗಲಿಗಳೇ ಉದ್ದ ಕೊಕ್ಕಿನ ರಣಹದ್ದಿನ ತೊಟ್ಟಿಲು. ಮರಿಯನ್ನು ಮುಟ್ಟಬಲ್ಲ ಶತ್ರು ಅಲ್ಲಿಗೆ ಏರಲಾರದು.

ಈ ರಣಹದ್ದು ಸುಮಾರು ಐದೂವರೆ ಕಿಲೋಗ್ರಾಂ ತೂಗುತ್ತದೆ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಎರಡು ಮೀಟರಿಗೂ ಹೆಚ್ಚು. ಪಕ್ಷಿಯ ತೂಕ ಏರಿದಂತೆ, ಹಾರಲು ಬೇಕಾಗುವ ಸಾಮರ್ಥ್ಯವು ಸ್ನಾಯುಗಳು ಒದಗಿಸಬಲ್ಲ ಸಾಮರ್ಥ್ಯಕ್ಕಿಂತ ವೇಗವಾಗಿ ಏರುತ್ತದೆ. ಗುಬ್ಬಚ್ಚಿಗೆ ಸುಲಭವಾದ ರೆಕ್ಕೆಬಡಿತ ರಣಹದ್ದಿಗೆ ದುಬಾರಿಯಾದ ಶ್ರಮ. ಆದರೂ ಅದು ಆಹಾರವನ್ನರಸಿ ದಿನವೆಲ್ಲ ಆಕಾಶದಲ್ಲಿರುತ್ತದೆ. ಇದು ಹೇಗೆ ಸಾಧ್ಯ?

ಉತ್ತರ ಬಂಡೆಯಲ್ಲಿದೆ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಶಾಖದ ಐದನೆಯ ಒಂದು ಭಾಗದಷ್ಟೇ ಶಾಖ ಅಷ್ಟೇ ತೂಕದ ಗ್ರಾನೈಟಿಗೆ ಸಾಕು. ಮೇಲಾಗಿ ಬೋಳುಬಂಡೆಯಲ್ಲಿ ಆವಿಯಾಗಿ ಶಾಖವನ್ನು ಹೀರಬಲ್ಲ ತೇವವೂ ಇಲ್ಲ. ಆದುದರಿಂದ ಬಿಸಿಲೇರಿದಂತೆ ಬಂಡೆಯು ಸುತ್ತಣ ಗದ್ದೆ ತೋಟಗಳಿಗಿಂತ ಬೇಗ ಕಾಯುತ್ತದೆ. ಅದನ್ನು ತಾಗಿದ ಗಾಳಿಯೂ ಕಾಯುತ್ತದೆ. 30 ಡಿಗ್ರಿ ಸೆಂಟಿಗ್ರೇಡಿನ ಗಾಳಿಯ ನಡುವೆ 32 ಡಿಗ್ರಿಯ ಗಾಳಿಯ ಮುದ್ದೆಯೊಂದಿದೆ ಎನ್ನೋಣ. ಅದರ ಸಾಂದ್ರತೆ ಸುಮಾರು 150ರಲ್ಲಿ ಒಂದು ಪಾಲು ಕಡಿಮೆ. ವ್ಯತ್ಯಾಸ ಅಲ್ಪವೆಂದು ತೋರಿದರೂ, ನೀರಿನಲ್ಲಿ ಮುಳುಗಿಸಿದ ಬೆಂಡು ಮೇಲೇಳುವಂತೆ ಆ ಗಾಳಿ ಮೇಲೇಳಲು ಅಷ್ಟು ಸಾಕು. ಏರುವ ಗಾಳಿ ಹಿಗ್ಗುತ್ತ, ಪ್ರತಿ ಕಿಲೋಮೀಟರಿಗೆ ಹತ್ತು ಡಿಗ್ರಿಯಂತೆ ತಣಿಯುತ್ತದೆ. ಸುತ್ತಣ ಗಾಳಿಯ ಉಷ್ಣತೆಗೆ ಸಮನಾಗುವವರೆಗೆ ಏರುತ್ತಲೇ ಇರುತ್ತದೆ.

ರಣಹದ್ದು ಈ ಕಾಣದ ಕಂಬವನ್ನು ಹೊಕ್ಕು, ರೆಕ್ಕೆಯನ್ನು ಅಲುಗಿಸದೆ ಸುತ್ತು ಹಾಕುತ್ತದೆ. ಸುತ್ತಣ ಗಾಳಿಗೆ ಹೋಲಿಸಿದರೆ ಅದು ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ಇಳಿಯುತ್ತಲೇ ಇದೆ. ಆದರೆ ಆ ಗಾಳಿಯೇ ಸೆಕೆಂಡಿಗೆ ಮೂರು ಮೀಟರ್ ಏರುತ್ತಿದ್ದರೆ, ಹಕ್ಕಿಗೆ ಎರಡು ಮೀಟರ್ ಲಾಭ. ಬಂಡೆ ಕಾಯುವ ಮೊದಲು ರಣಹದ್ದುಗಳು ಜಗಲಿಯಲ್ಲಿ ಸುಮ್ಮನೆ ಕುಳಿತಿರುವುದು ಸೋಮಾರಿತನದಿಂದಲ್ಲ, ಈ ಲೆಕ್ಕದಿಂದ. ಒಂದು ಕಿಲೋಮೀಟರ್ ಎತ್ತರ ಗಳಿಸಿದ ಹಕ್ಕಿ ತೇಲುತ್ತ ಇಳಿದರೆ ಸುಮಾರು 15 ಕಿಲೋಮೀಟರ್ ದೂರ ಸಾಗಬಲ್ಲದು. ಅಂದರೆ ರಾಮದೇವರ ಬೆಟ್ಟದ ಹಕ್ಕಿಗೆ ಹಾರೋಹಳ್ಳಿಯು ಕೇವಲ ಎರಡು ಏರಿಕೆಗಳ ದೂರ.

ವನ್ಯಜೀವಿಗಳೆಂದೊಡನೆ ಹಲವರ ಮನಸ್ಸು ಆಫ್ರಿಕದ ಎತ್ತರದ ನಾಡುಗಳತ್ತ ಓಡುತ್ತದೆ. ಅಲ್ಲಿಯೂ ಇದೇ ವಿಜ್ಞಾನ. ಟಾಂಜಾನಿಯದ ಗೋಲ್ ಬೆಟ್ಟಗಳ ಕೊಡಲಿಗಳಂಥ ಬಂಡೆಗೋಡೆಗಳಲ್ಲಿ ಗೂಡುಕಟ್ಟುವ ರೂಪೆಲ್ ರಣಹದ್ದುಗಳು ಸೆರೆಂಗೆಟಿ ಬಯಲಿನ ಮೇಲೆ ಹೀಗೆಯೇ ತೇಲುತ್ತವೆ. ಕಾಲಿನ್ ಪೆನ್ನಿಕ್ವಿಕ್ ಎಂಬ ವಿಜ್ಞಾನಿ ಎಂಜಿನ್ನುಳ್ಳ ಗ್ಲೈಡರಿನಲ್ಲಿ ಕುಳಿತು ಪೂರ್ವ ಆಫ್ರಿಕದ ರಣಹದ್ದುಗಳ ಜೊತೆಜೊತೆಗೆ ಹಾರಿ, ತನ್ನ ಅಳತೆಗಳನ್ನು 1972ರಲ್ಲಿ ಪ್ರಕಟಿಸಿದ. 1973ರಲ್ಲಿ ಐವರಿ ಕೋಸ್ಟಿನ ಮೇಲೆ, ಸುಮಾರು 11,300 ಮೀಟರ್ ಎತ್ತರದಲ್ಲಿ, ಒಂದು ರೂಪೆಲ್ ರಣಹದ್ದು ವಿಮಾನಕ್ಕೆ ಬಡಿಯಿತು.

ಇಂಥ ಸಮರ್ಥ ಪಕ್ಷಿ ನಮ್ಮ ನಾಡಿನಲ್ಲಿ ಅಳಿವಿನ ಅಂಚಿಗೆ ಬಂದಿತು. 1992ರಿಂದ 2007ರವರೆಗಿನ ಹದಿನೈದು ವರ್ಷಗಳಲ್ಲಿ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ ಒಂದರಷ್ಟು ಮಾತ್ರ ಉಳಿದವು. ಉದ್ದ ಕೊಕ್ಕಿನವು ನೂರಕ್ಕೆ ಮೂರರಷ್ಟು. ಕಾರಣವು 2004ರಲ್ಲಿ ಸ್ಪಷ್ಟವಾಯಿತು. ದನಗಳ ನೋವು ಬಾವುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು, ಕೊಟ್ಟ ಸ್ವಲ್ಪ ಕಾಲದಲ್ಲೇ ಸತ್ತ ದನದ ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತವೆ. ಯೂರಿಕ್ ಆಮ್ಲವು ಒಳ ಅಂಗಗಳ ಮೇಲೆ ಸುಣ್ಣ ಬಳಿದಂತೆ ಶೇಖರವಾಗಿ ಹಕ್ಕಿ ಸಾಯುತ್ತದೆ.

ವಿಷವುಳ್ಳ ಶವಗಳ ಪ್ರಮಾಣ ನೂರಕ್ಕೆ ಒಂದಕ್ಕಿಂತಲೂ ಕಡಿಮೆಯಿದ್ದರೂ ಇಷ್ಟು ನಾಶವಾಗಲು ಸಾಧ್ಯವೆಂದು ಸಂಶೋಧಕರು ತೋರಿಸಿದರು. ಓದುಗರು ತಾವೇ ಲೆಕ್ಕ ಹಾಕಬಹುದು. ಇನ್ನೂರು ಊಟಗಳಲ್ಲಿ ಒಂದು ಮಾತ್ರ ವಿಷದ್ದೆನ್ನೋಣ. ಮೂರು ದಿನಕ್ಕೊಮ್ಮೆ ಉಣ್ಣುವ ಹಕ್ಕಿಗೆ ವರ್ಷಕ್ಕೆ ಸುಮಾರು 120 ಊಟ. ಪ್ರತಿ ಊಟದಲ್ಲೂ ಬದುಕುಳಿಯುವ ಸಂಭವ 0.995, ವರ್ಷವಿಡೀ ಬದುಕುಳಿಯುವ ಸಂಭವವೆಂದರೆ 0.995ನ್ನು 120 ಸಲ ಗುಣಿಸಿದ ಫಲ, ಅಂದರೆ ಸುಮಾರು 0.55. ನೂರು ಹಕ್ಕಿಗಳಲ್ಲಿ ನಲವತ್ತೈದು ಒಂದೇ ವರ್ಷದಲ್ಲಿ ಸಾಯುತ್ತವೆ. ಒಂದು ಜೊತೆ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಇಂಥ ನಷ್ಟ ತುಂಬುವುದೆಂತು?

ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ಭಾರತ ಸರ್ಕಾರ 2006ರಲ್ಲಿ ನಿಷೇಧಿಸಿತು. ಮನುಷ್ಯರಿಗಾಗಿ ತಯಾರಾದ ದೊಡ್ಡ ಸೀಸೆಗಳು ದನದ ಕೊಟ್ಟಿಗೆಗೆ ಹೋಗುತ್ತಿದ್ದುದರಿಂದ 2015ರಲ್ಲಿ ಅವುಗಳ ಗಾತ್ರವನ್ನೂ ಮಿತಿಗೊಳಿಸಿತು. ಇದೇ ಬಗೆಯ ಕೆಡುಕುಳ್ಳ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್‌ಗಳನ್ನು 2023ರಲ್ಲಿ ಪಶುಚಿಕಿತ್ಸೆಯಿಂದ ಹೊರಗಿಟ್ಟಿತು. ರಣಹದ್ದಿಗೆ ಅಪಾಯ ಮಾಡದ ಮೆಲಾಕ್ಸಿಕ್ಯಾಮ್ ಎಂಬ ಬದಲಿ ಔಷಧವಿದೆ. ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ಕರ್ನಾಟಕ ಸರ್ಕಾರವು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿತು. ಈಗ ಅಲ್ಲಿ ಉಳಿದಿರುವುದು ಕೆಲವೇ ಹಕ್ಕಿಗಳು.

ಧಾಮದ ಎಲ್ಲೆ ಬಂಡೆಯನ್ನು ಕಾಯಬಲ್ಲದು, ಮೊಟ್ಟೆಯನ್ನು ಕಾಯಬಲ್ಲದು. ಆದರೆ ಎರಡು ಏರಿಕೆಗಳಲ್ಲಿ 20 ಕಿಲೋಮೀಟರ್ ದಾಟುವ ಹಕ್ಕಿಯ ಊಟ ಧಾಮದ ಹೊರಗಿನದು. ಮಾಗಡಿ, ಚನ್ನಪಟ್ಟಣ, ಕನಕಪುರ, ಹಾರೋಹಳ್ಳಿಗಳ ರೈತನು ತನ್ನ ಕುಂಟುವ ಹಸುವಿಗೆ ಯಾವ ಸೂಜಿಮದ್ದು ಹಾಕಿಸುತ್ತಾನೆಂಬುದರ ಮೇಲೆ ಅದರ ಉಳಿವು ನಿಂತಿದೆ. ದನ ಸಾಕುವ ಮನೆಗಳಿಂದ ಬಂದ ವಿದ್ಯಾರ್ಥಿಗಳು ನಮ್ಮ ಓದುಗರಲ್ಲಿ ಅನೇಕರಿರಬೇಕು. ಮುಂದಿನ ಸಲ ಪಶುವೈದ್ಯರು ಮನೆಗೆ ಬಂದಾಗ ಔಷಧದ ಹೆಸರನ್ನು ಕೇಳಿರಿ. ಮೆಲಾಕ್ಸಿಕ್ಯಾಮ್ ಆಗಬಹುದೇ ಎಂದು ವಿಚಾರಿಸಿರಿ.

ಹಾರೋಹಳ್ಳಿಯ ತಗಡಿನ ಮಾಡುಗಳೂ ಬಿಸಿಲಿಗೆ ಕಾದು ಗಾಳಿಯನ್ನು ಮೇಲಕ್ಕೆ ಕಳುಹಿಸುತ್ತವೆ. ಗರುಡಗಳೂ ಸಾಮಾನ್ಯ ಹದ್ದುಗಳೂ ಅದನ್ನೇರಿ ತೇಲುವುದನ್ನು ಅಲ್ಲಿ ಯಾರಾದರೂ ನೋಡಬಹುದು. ಏರುವ ಗಾಳಿ ಬಂಡೆಯದೋ ಕಾರ್ಖಾನೆಯದೋ ಎಂದು ಹಕ್ಕಿ ಕೇಳುವುದಿಲ್ಲ. ಅದನ್ನು ಮೇಲೆತ್ತುವ ಕೆಲಸವನ್ನು ಸೂರ್ಯನೇ ಮಾಡುತ್ತಾನೆ. ಅದು ಕೆಳಗಿಳಿದಾಗ ಸಿಗುವ ಊಟ ವಿಷವಾಗದಂತೆ ನೋಡಿಕೊಳ್ಳುವ ಕೆಲಸ ಮಾತ್ರ ನಮ್ಮದು.