ನೆತ್ತಿಗೆರೆದ ಬಿಸಿನೀರು ಮತ್ತು ನರಮಂಡಲ

ಚರ್ಮವು ದೇಹದ ಹೊದಿಕೆ ಮಾತ್ರವಲ್ಲ, ಅದೊಂದು ಜ್ಞಾನೇಂದ್ರಿಯ. ಶೀತೋಷ್ಣಗಳನ್ನೂ ಒತ್ತಡವನ್ನೂ ನೋವನ್ನೂ ಗ್ರಹಿಸುವ ನರತುದಿಗಳು ಅದರಲ್ಲಿ ಹರಡಿಕೊಂಡಿವೆ. ಅವುಗಳಲ್ಲಿ ಹುಟ್ಟಿದ ಸೂಕ್ಷ್ಮ ವಿದ್ಯುತ್ ಸ್ಪಂದನಗಳು ನರತಂತುಗಳ ಮೂಲಕ ಮಿದುಳನ್ನು ಸೇರಿದ ಮೇಲೆಯೇ ‘ಇದು ಬಿಸಿ’ ಎಂಬ ಅರಿವು ಮೂಡುತ್ತದೆ. ಹಣೆ ಮತ್ತು ನೆತ್ತಿಯ ಸಂವೇದನೆಯನ್ನು ತ್ರಿಶಾಖಾ ನರವೂ ತಲೆಯ ಹಿಂಭಾಗದ ಸಂವೇದನೆಯನ್ನು ಕುತ್ತಿಗೆಯ ನರಗಳೂ ಒಯ್ಯುತ್ತವೆ.

ಈ ವ್ಯವಸ್ಥೆಯು ಎಷ್ಟು ನಾಜೂಕಾದುದೆಂಬುದಕ್ಕೆ ಮಂಡ್ಯ ಸೀಮೆಯ ಹೊಳಲಿನಂತಹ ಗ್ರಾಮಗಳಿಗೆ ಚಿರಪರಿಚಿತವಾದ ಎಣ್ಣೆನೀರಿನ ಸ್ನಾನವೇ ನಿದರ್ಶನ. ಹಂಡೆಯಲ್ಲಿ ಕಾಯ್ದ ನೀರನ್ನು ಚೊಂಬಿನಿಂದ ಒಂದೇ ಸಮನೆ ನೆತ್ತಿಗೆರೆಯುವುದು ಹಳೆಯ ಮೈಸೂರು ಪ್ರಾಂತದ ರೂಢಿ. ಬಹುಜನರಿಗೆ ಇದು ಹಿತಕರ. ಆದರೆ ಕೆಲವರು ನೀರು ಬೀಳುತ್ತಿರುವಾಗಲೇ ಶೂನ್ಯದೃಷ್ಟಿಯಿಂದ ನೋಡುತ್ತಾರೆ, ಅಸಂಬದ್ಧವಾಗಿ ಮಾತನಾಡುತ್ತಾರೆ, ಎಚ್ಚರ ತಪ್ಪುತ್ತಾರೆ. ಒಮ್ಮೊಮ್ಮೆ ಕೈಕಾಲುಗಳು ಸೆಳೆಯುವುದೂ ಉಂಟು. ಇದೇ ಬಿಸಿನೀರಿನ ಅಪಸ್ಮಾರ.

1945ರಲ್ಲಿ ನ್ಯೂಜಿಲೆಂಡಿನಿಂದ ಇದರ ಮೊದಲ ವರದಿ ಬಂದರೂ ದಕ್ಷಿಣ ಕರ್ನಾಟಕದಲ್ಲಿ ಇದು ವಿಶೇಷವಾಗಿ ಕಂಡುಬಂದಿದೆ. ಬೆಂಗಳೂರಿನ ನರರೋಗತಜ್ಞ ಕೆ. ಎಸ್. ಮಣಿ ಮತ್ತು ಸಂಗಡಿಗರು 1974ರಲ್ಲಿ 108 ರೋಗಿಗಳನ್ನೂ, ನಿಮ್ಹಾನ್ಸ್ ಸಂಸ್ಥೆಯ ಪಿ. ಸತೀಶ್‌ಚಂದ್ರ ಮೊದಲಾದವರು 1988ರಲ್ಲಿ 279 ರೋಗಿಗಳನ್ನೂ ಕುರಿತು ವರದಿ ಮಾಡಿದರು. ಪುರುಷರಲ್ಲಿ ಇದು ಹೆಚ್ಚು.

ಎರೆಯುವ ನೀರಿನ ಬಿಸಿ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಶಾಖವೊಂದೇ ಇಲ್ಲಿ ಕಾರಣವಲ್ಲ. ತಲೆಯ ಮೇಲೆ ಮತ್ತೆ ಮತ್ತೆ ಸುರಿಯುವ ನೀರಿನ ಸ್ಪರ್ಶವೂ ಅದರೊಡನೆ ಕೂಡುತ್ತದೆ. ಸಾಮಾನ್ಯ ಮಿದುಳು ಇಂತಹ ಪ್ರಚೋದನೆಯನ್ನು ಹಿಡಿತದಲ್ಲಿಡುತ್ತದೆ. ಈ ದೌರ್ಬಲ್ಯವುಳ್ಳವರಲ್ಲಿ ಹಿಡಿತ ಸಡಿಲಿ, ಅಸಂಖ್ಯ ನರಕೋಶಗಳು ಏಕಕಾಲದಲ್ಲಿ ಉದ್ರೇಕಗೊಳ್ಳುತ್ತವೆ. ಕೆಲವು ಮನೆತನಗಳಲ್ಲಿ ಹಲವರಿಗೆ ಇದು ಕಾಣಿಸುವುದರಿಂದ ಆನುವಂಶಿಕತೆಯೂ ಒಂದು ಕಾರಣವೆಂದು ತಿಳಿದುಬಂದಿದೆ.

ಇದನ್ನು ಗಾಳಿಸೋಂಕೆಂದು ಬಗೆದು ಮಗುವನ್ನು ಮರೆಮಾಡುವುದು ಅನ್ಯಾಯ. ಬಾಯಿಗೆ ಏನನ್ನೂ ತುರುಕದೆ, ಕೈಗೆ ಕಬ್ಬಿಣ ಹಿಡಿಸುವ ಗೊಡವೆಗೆ ಹೋಗದೆ, ರೋಗಿಯನ್ನು ಮಗ್ಗುಲಿಗೆ ಮಲಗಿಸಬೇಕು. ಸೆಳವು ಐದು ನಿಮಿಷ ಮೀರಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ತಲೆಗೆರೆಯುವ ನೀರನ್ನು ಉಗುರುಬೆಚ್ಚಗೆ ಇಳಿಸಿದರೆ ಅನೇಕರಲ್ಲಿ ಸೆಳವು ತಡೆಯುತ್ತದೆ. ಅಷ್ಟರಿಂದ ನಿಲ್ಲದವರಿಗೆ, ತಲೆಸ್ನಾನಕ್ಕೆ ಮುಂಚೆ ಮಾತ್ರ ಸೇವಿಸುವ ಕ್ಲೋಬಜಾಮ್ ಗುಳಿಗೆಯನ್ನು ವೈದ್ಯರು ವಿಧಿಸುವುದುಂಟು. ಇಂದ್ರಿಯದ ಬಾಗಿಲಿನಿಂದ ಬಂದ ಬಾಧೆಯನ್ನು ಅದೇ ಬಾಗಿಲಿನಲ್ಲಿ ತಡೆಯಬಹುದೆಂಬ ತಿಳಿವು ಮನೆಮನೆಯ ಬಚ್ಚಲನ್ನು ಮುಟ್ಟಬೇಕಾಗಿದೆ.