ತೂಗುಸೇತುವೆಗಳ ಗಿರೀಶ ಭಾರದ್ವಾಜ್

ದಕ್ಷಿಣ ಕನ್ನಡದ ಸುಳ್ಯದ ಗಿರೀಶ ಭಾರದ್ವಾಜ್ ಸೇತುವೆ ಕಟ್ಟುವ ವಿದ್ಯೆ ಕಲಿತವರಲ್ಲ. ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ 1973ರಲ್ಲಿ ಪದವಿ ಪಡೆದ ಅವರು ಮೆಕ್ಯಾನಿಕಲ್ ಎಂಜಿನಿಯರ್. ಊರಿನಲ್ಲಿ ಸ್ವಂತ ವರ್ಕ್‌ಶಾಪ್ ನಡೆಸುತ್ತಿದ್ದರು. ಮಳೆಗಾಲದಲ್ಲಿ ಪಯಸ್ವಿನಿ ನದಿ ಉಕ್ಕಿದರೆ ಹತ್ತಿರದ ಅರಂಬೂರಿನವರಿಗೆ ಆಚೆ ದಡ ದೂರವಾಗುತ್ತಿತ್ತು. ಊರವರ ಬೇಡಿಕೆಗೆ ಓಗೊಟ್ಟು, ತೂಗುಸೇತುವೆಯ ಲೆಕ್ಕಾಚಾರವನ್ನು ತಾವೇ ಓದಿ ತಿಳಿದು, 1989ರಲ್ಲಿ ಅಲ್ಲಿ ತಮ್ಮ ಮೊದಲ ಕಾಲುಸೇತುವೆ ನಿಲ್ಲಿಸಿದರು. ಊರವರೂ ಕೈಜೋಡಿಸಿದರು.

ಈ ಸೇತುವೆಯ ತಂತ್ರ ಸರಳವಾದರೂ ಚತುರ. ಎರಡು ದಡಗಳಲ್ಲಿ ಗೋಪುರ, ಅವುಗಳ ಮೇಲೆ ಹಾಯ್ದ ಉಕ್ಕಿನ ಹಗ್ಗ, ಹಗ್ಗದ ತುದಿಗಳನ್ನು ನೆಲದಲ್ಲಿ ಬಿಗಿಹಿಡಿಯುವ ಕಾಂಕ್ರೀಟ್ ಲಂಗರು. ನಡೆಯುವ ಹಾದಿ ಸರಳುಗಳ ಮೂಲಕ ಹಗ್ಗಕ್ಕೆ ಜೋತುಬಿದ್ದಿರುತ್ತದೆ. ಭಾರವೆಲ್ಲ ಹಗ್ಗದ ಎಳೆತದ ಮೂಲಕ ದಡದ ಗೋಪುರ, ಲಂಗರುಗಳಿಗೆ ಸಾಗುವುದರಿಂದ ನದಿಯ ನಡುವೆ ಕಂಬವೇ ಬೇಡ. ಪ್ರವಾಹಕ್ಕೆ ಅಡ್ಡಿಯಿಲ್ಲ, ಖರ್ಚೂ ಕಡಿಮೆ. ದೊಡ್ಡ ಯಂತ್ರಗಳು ತಲುಪದ ಮಲೆನಾಡಿನ ಕಣಿವೆಗಳಿಗೆ ಇದಕ್ಕಿಂತ ಒಪ್ಪುವ ವಿಧಾನ ಇನ್ನೊಂದಿಲ್ಲ.

ಮುಂದೆ ಕರ್ನಾಟಕದಲ್ಲಷ್ಟೇ ಅಲ್ಲದೆ ಕೇರಳ, ತೆಲಂಗಾಣ, ಒಡಿಶಾಗಳಲ್ಲೂ ಇಂಥ ನೂರಕ್ಕೂ ಹೆಚ್ಚು ಸೇತುವೆಗಳನ್ನು ಅವರು ಕಟ್ಟಿದರು. ಶಾಲೆಗೆ ಹೋಗುವ ಮಕ್ಕಳಿಗೆ, ಆಸ್ಪತ್ರೆಗೆ ಧಾವಿಸುವ ರೋಗಿಗಳಿಗೆ ಅವು ಎಂಥ ಆಸರೆ ಎಂಬುದನ್ನು ಹಳ್ಳ ಉಕ್ಕಿದಾಗ ದಾರಿ ಕಳೆದುಕೊಳ್ಳುವ ಊರುಗಳವರಿಗೆ ಬಿಡಿಸಿ ಹೇಳಬೇಕಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಅವರಿಗೆ ಪದ್ಮಶ್ರೀ ನೀಡಿತು.

ಆದರೆ ಸೇತುವೆ ಕಟ್ಟಿದರಷ್ಟೇ ಸಾಲದು; ಉಕ್ಕು ತುಕ್ಕು ಹಿಡಿಯುತ್ತದೆ, ಹಲಗೆ ಸವೆಯುತ್ತದೆ. ಊರಿಗೊಂದು ತೂಗುಸೇತುವೆ ಇದ್ದರೆ ಪಂಚಾಯಿತಿ ಪ್ರತಿ ಮಳೆಗಾಲಕ್ಕೆ ಮುಂಚೆ ಅದರ ಹಗ್ಗ, ಲಂಗರುಗಳನ್ನು ತಪಾಸಣೆ ಮಾಡಿಸಲೇಬೇಕು.